ಅರಿಶಿನ ಬಿಡುವ ಕಲ್ಲು

ಬೋಗಾದಿ, ಮೈಸೂರು
9 ಜೂನ್ 2025

ವಾಣಿ ಮೇಡಂ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ಬಗ್ಗೆ ಪೇಪರಿನಲ್ಲಿ ಬಂದಿತ್ತು. ನಮ್ಮ ಮೈಸೂರಿನ ಕುಂಬಾರಕೊಪ್ಪಲಿನಲ್ಲೇ ಹುಟ್ಟಿದ ನೀವು ಈಗ ಲಡಾಖಿನ ಬಿಸಿನೀರಿನ ಬುಗ್ಗೆಗಳ ಪಕ್ಕ ಡೇರೆ ಹಾಕಿಕೊಂಡು, ಕುದಿಯುವ ನೀರಿನಲ್ಲೂ ಸಾಯದ ಸೂಕ್ಷ್ಮಜೀವಿಗಳನ್ನು ಹುಡುಕುತ್ತಿದ್ದೀರಂತೆ. ಅಂಥ ಕಡೆ ಜೀವ ಇರುವುದಾದರೆ ಆಕಾಶದಿಂದ ಬೀಳುವ ಕಲ್ಲುಗಳ ಒಳಗೂ ಅದರ ಗುರುತು ಸಿಗಬಹುದು ಎಂದು ಹೇಳಿದ್ದೀರಿ.

ನಮ್ಮ ಮನೆಯ ಮೇಲೆ ಅಂಥದ್ದೊಂದು ಕಲ್ಲು ಬಿದ್ದಿದೆ.

ಹೋದ ವಾರ ಸಂಜೆ ಟ್ಯಾಂಕರ್ ನಿಲ್ಲಿಸುವ ಶೆಡ್ಡಿನ ಶೀಟು ಢಬ್ ಎಂದು ತೂತಾಯಿತು. ಪಕ್ಕದ ಕಟ್ಟಡದವರು ಇಟ್ಟಿಗೆ ಬೀಳಿಸಿದರು ಎಂದುಕೊಂಡು ಅಪ್ಪ "ಯಾವನ್ಲಾ ಅವ್ನು?" ಎಂದು ಜಗಳಕ್ಕೇ ಹೊರಟಿದ್ದ. ನಾನು ಒಳಗೆ ಹೋಗಿ ನೋಡಿದೆ. ಮುಷ್ಟಿ ಗಾತ್ರದ ಕಲ್ಲು, ಮೇಲೆ ಸುಟ್ಟ ಕಪ್ಪು ಸಿಪ್ಪೆ, ಒಡೆದ ಕಡೆ ಬೂದಿ ಬಣ್ಣ. ಹಳೇ ಸ್ಪೀಕರ್ ಬಿಚ್ಚಿ ಅಯಸ್ಕಾಂತ ಹಿಡಿದೆ, ಅಂಟಿಕೊಂಡಿತು.

ಅಷ್ಟರಲ್ಲಿ ನಮ್ಮಜ್ಜಿ ಅಂಬುಜಮ್ಮ ಬಂದು ಎತ್ತಿಕೊಂಡಳು. "ಅಷ್ಟು ದೂರದಿಂದ ಉರ್ಕೊಂಡ್ ಬಂದದೆ, ಪಾಪ. ತಂಪು ಮಾಡ್ಬೇಕು" ಎಂದು ದೇವರ ಮನೆಯಲ್ಲಿಟ್ಟು, ಅದರ ಮೇಲೆ ಧಾರಾಪಾತ್ರೆ ಕಟ್ಟಿದ್ದಾಳೆ. ಅಂದರೆ ತಳದಲ್ಲಿ ಸಣ್ಣ ತೂತಿರುವ ತಾಮ್ರದ ಪಾತ್ರೆ. ನಮ್ಮ ಬೋರ್‌ವೆಲ್ ನೀರು ಯಾವಾಗಲೂ ತೊಟ್ಟು ತೊಟ್ಟಾಗಿ ಕಲ್ಲಿನ ಮೇಲೆ ಬೀಳುತ್ತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಮುಚ್ಚಿಟ್ಟೆ ಎನ್ನಬಾರದು.

ನನಗೆ ಹತ್ತೊಂಬತ್ತು ವರ್ಷ. ಹತ್ತನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಅಪ್ಪ ಕೆಂಪಯ್ಯ ಟ್ಯಾಂಕರಿನಲ್ಲಿ ಮನೆಗಳಿಗೆ ನೀರು ಹಾಕುತ್ತಾನೆ, ನಾನು ಜೊತೆಗೆ ಹೋಗಿ ಪೈಪು ಹಿಡಿಯುತ್ತೇನೆ. ಒಂದು ಕಡೆ ಸುಮ್ಮನೆ ಕೂರಲು ನನ್ನಿಂದ ಆಗುವುದಿಲ್ಲ. ನಿಮ್ಮ ಡೇರೆಗೆ ನೆಟ್‌ವರ್ಕ್ ಇಲ್ಲವೆಂದು ಪೇಪರಿನವರು ಹೇಳಿದ್ದರಿಂದ ಕಾಗದ ಬರೆಯುತ್ತಿದ್ದೇನೆ. ನನ್ನ ನಂಬರು ಕವರಿನ ಹಿಂದೆ ಇದೆ.

ಕಲ್ಲಿನೊಳಗೆ ಏನಾದರೂ ಇರಬಹುದಾ?

ಸಿಂಚನ


ಲಡಾಖ್
27 ಜೂನ್ 2025

ಸಿಂಚನ ಅವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಸುಟ್ಟ ಸಿಪ್ಪೆ, ಬೂದಿ ಬಣ್ಣದ ಒಳಭಾಗ, ಅಯಸ್ಕಾಂತ. ನೀವು ನೋಡಬೇಕಾದದ್ದನ್ನೇ ನೋಡಿದ್ದೀರಿ. ಅದು ಉಲ್ಕಾಶಿಲೆ ಆಗಿರುವ ಸಾಧ್ಯತೆ ಬಹಳ.

ಬಿದ್ದ ತಕ್ಷಣ ಸಿಕ್ಕ ಕಲ್ಲು ನನ್ನಂಥವರ ಕೈಗೆ ಬರುವುದು ಎಷ್ಟು ಅಪರೂಪ ಎಂದು ಹೇಳಲಾರೆ. ದಯವಿಟ್ಟು ಬೇರೆ ಯಾರಿಗೂ ಕೊಡಬೇಡಿ. ಒಂದು ಚೂರನ್ನು ಅಡುಗೆಮನೆಯ ಹೊಸ ಫಾಯಿಲ್‌ನಲ್ಲಿ ಸುತ್ತಿ ಕಳಿಸಿ. ಕೈ ತಾಗಿಸಬೇಡಿ.

ವಾರಕ್ಕೊಮ್ಮೆ ನಮ್ಮ ಜೀಪು ಲೇಹ್‌ಗೆ ಹೋಗುತ್ತದೆ. ಅಂಚೆ ಹೋಗುವುದು, ಬರುವುದು ಆಗಲೇ. ಮನೆಗೆ ಫೋನ್ ಮಾಡುವುದೂ ಅಲ್ಲಿಂದಲೇ. ನನ್ನ ತಮ್ಮ ಯೋಗೇಂದ್ರ ಮೈಸೂರಿನಲ್ಲೇ, ವಿಜಯನಗರ ಬಡಾವಣೆಯಲ್ಲಿದ್ದಾನೆ. ಅವನ ಮನೆಗೂ ಟ್ಯಾಂಕರ್ ನೀರೇ. ನಿಮ್ಮ ತಂದೆಯದೇ ಇದ್ದರೂ ಇರಬಹುದು! ಊರು ಎಷ್ಟು ಚಿಕ್ಕದು ನೋಡಿ.

ಕಾಯುತ್ತಿರುತ್ತೇನೆ.

ವಾಣಿ


ಬೋಗಾದಿ
14 ಜುಲೈ 2025

ವಾಣಿ ಮೇಡಂ,

ಚೂರು ಕಳಿಸಿದ್ದೇನೆ. ಅಜ್ಜಿ ಮಲಗಿದ್ದಾಗ ಇಕ್ಕಳದಲ್ಲಿ ಮುರಿದೆ. ಎದ್ದ ಮೇಲೆ ಹೇಳಿದೆ, ಎರಡು ದಿನ ಮಾತು ಬಿಟ್ಟಳು.

ಇಲ್ಲೊಂದು ಸಂಗತಿ ನಡೆದಿದೆ. ಕಲ್ಲು ಅರಿಶಿನ ಬಿಡುತ್ತಿದೆ. ನಿಜವಾಗಿ. ಸಂದುಗಳಲ್ಲಿ ಹಳದಿ ಪುಡಿ ಕೂತಿದೆ, ಒರೆಸಿದರೆ ಮತ್ತೆ ಬರುತ್ತದೆ. ಅಜ್ಜಿ ಅದನ್ನು ಬೆರಳಲ್ಲಿ ಕೆರೆದು ಹಣೆಗೆ ಇಟ್ಟುಕೊಳ್ಳುತ್ತಾಳೆ, ನಾಲಿಗೆಗೂ ಸೋಕಿಸುತ್ತಾಳೆ. ಬೀದಿಯವರೆಲ್ಲ ಬರುತ್ತಿದ್ದಾರೆ. ಎದುರು ಮನೆಯ ದಾಕ್ಷಾಯಣಮ್ಮ ದಿನಾ ಮೊಮ್ಮಗಳು ಲಹರಿಯನ್ನು ಎತ್ತಿಕೊಂಡು ಬಂದು, ಕಲ್ಲಿನ ಮೇಲಿಂದ ಇಳಿದ ನೀರನ್ನು ತೀರ್ಥ ಎಂದು ಕುಡಿಸುತ್ತಾರೆ.

"ನನ್ಗೂ ವಸಿ ಕೊಡಿ ಅಂಬುಜಮ್ಮೋರೆ, ಮಂಡಿನೋವು" ಎಂದು ಯಾರಾದರೂ ಅಂದರೆ ಅಜ್ಜಿ, "ಸರತೀಲ್ ಬನ್ರೀ, ದೇವ್ರೇನು ಓಡೋಯ್ತದಾ?" ಅನ್ನುತ್ತಾಳೆ. ರೇಷನ್ ಅಂಗಡಿಯವಳ ಗತ್ತು ಬಂದುಬಿಟ್ಟಿದೆ.

ಅಪ್ಪನಿಗೂ ಖುಷಿ. ಈ ಬೇಸಿಗೆಯಲ್ಲಿ ಸುತ್ತಲಿನ ಬೋರ್‌ಗಳೆಲ್ಲ ಕೆಳಗಿಳಿದರೂ ನಮ್ಮದರಲ್ಲಿ ನೀರು ಏರಿದೆ. ಅದು ದೇವರಿಂದಲ್ಲ, ತನ್ನ ಬುದ್ಧಿಯಿಂದ ಎಂದು ಅವನ ವಾದ. ನಮ್ಮ ಜಾಗದಲ್ಲಿ ಬತ್ತಿಹೋದ ಹಳೇ ಬೋರ್ ಒಂದಿದೆ. ಎರಡು ವರ್ಷದಿಂದ ಯಾವುದೋ ಕಾರ್ಖಾನೆಯ ಲಾರಿ ಬಂದು, ಪಾತ್ರೆಗೀತ್ರೆ ತೊಳೆದ ನೀರು ಅಂತ ಹೇಳಿ ಅದರೊಳಗೆ ಸುರಿದು ಹೋಗುತ್ತದೆ. ಅಂತರ್ಜಲ ರೀಚಾರ್ಜ್ ಅಂತೆ. "ಮಳೆನೀರೇ ಆಗ್ಬೇಕಾ? ಭೂಮಿಗೆ ನೀರು ಕೊಟ್ರೆ ನೀರು ಬತ್ತದೆ ಕಣಮ್ಮಿ" ಅನ್ನುತ್ತಾನೆ. ಪಂಚಾಯಿತಿಯವರು ಹಿಂದೆ ರೀಚಾರ್ಜ್ ಬಗ್ಗೆ ಗೋಡೆ ಮೇಲೆ ಬರೆಸಿದ್ದನ್ನು ನಾನು ಓದಿ ಹೇಳಿದ್ದೆ, ಅದನ್ನು ಅವನು ಮರೆತಿಲ್ಲ.

ಕಲ್ಲಿನ ಹಳದಿ ಏನು ಮೇಡಂ?

ಸಿಂಚನ


ಲಡಾಖ್
20 ಆಗಸ್ಟ್ 2025

ಪ್ರಿಯ ಸಿಂಚನ,

ಮೈಕ್ರೋಸ್ಕೋಪಿನ ಪಕ್ಕದಲ್ಲೇ ನಿಂತು ಬರೆಯುತ್ತಿದ್ದೇನೆ, ಅಕ್ಷರ ಓರೆಕೋರೆಯಾದರೆ ಕ್ಷಮಿಸು. ನಿನ್ನನ್ನು ನೀನು ಅನ್ನಬಹುದಲ್ಲವೇ?

ಅದರಲ್ಲಿ ಜೀವ ಇದೆ.

ಚೂರಿನ ಒಳಸಂದಿನಿಂದ ತೆಗೆದ ಪುಡಿಯನ್ನು ಬೆಳೆಸಿ ನೋಡಿದೆ. ಕುದಿಸಿದೆ, ಉಳಿಯಿತು. ಒಣಗಿಸಿ ಇಟ್ಟೆ, ನೀರು ತಾಗಿದೊಡನೆ ಎದ್ದಿತು. ವಿಕಿರಣಕ್ಕೆ ಒಡ್ಡಲು ನಮ್ಮ ಸಂಸ್ಥೆಗೆ ಕಳಿಸಿದೆ, ಅಲ್ಲಿಯೂ ಸಾಯಲಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ ಅದು ಕ್ರೋಮಿಯಂ ಲೋಹದ ನಡುವೆ ಹಾಯಾಗಿ ಬೆಳೆಯುತ್ತದೆ. ಬೇರೆ ಜೀವಿಗಳು ಸಾಯುವ ಕಡೆ ಇದು ಹಬ್ಬುತ್ತದೆ. ಆಕಾಶದ ಕಲ್ಲುಗಳಲ್ಲಿ ಕ್ರೋಮಿಯಂ ಇರುವುದು ಸಹಜ. ಹಾಗಾದರೆ ಅದರ ಮನೆಯೇ ಆ ಕಲ್ಲು! ಹಳದಿ ಪುಡಿಯೂ ಬಹುಶಃ ಅದರದೇ ಕೆಲಸ.

ಇಪ್ಪತ್ತು ವರ್ಷ ಈ ಬುಗ್ಗೆಗಳ ಹಬೆಯಲ್ಲಿ ನಿಂತು ಹುಡುಕಿದ್ದು ಬೋಗಾದಿಯ ಶೆಡ್ಡಿನೊಳಗೆ ಬಿದ್ದಿತ್ತು.

ಒಂದು ಸಣ್ಣ ಕೆಲಸ ಆಗಬೇಕು. ಕಲ್ಲು ಬಿದ್ದ ಸಂಜೆಯೇ ಎತ್ತಿಟ್ಟೆವು, ಅಲ್ಲಿಂದ ಒಣಗಿದ ಜಾಗದಲ್ಲೇ ಇತ್ತು, ನೀರು ಸೋಕಿಲ್ಲ ಎಂದು ಒಂದು ಸಾಲು ಬರೆದು ಸಹಿ ಹಾಕಿ ಕಳಿಸು. ಕೇಳುವವರು ಕೇಳುತ್ತಾರೆ. ಲೇಖನದಲ್ಲಿ ನಿನ್ನ ಹೆಸರೂ ಇರುತ್ತದೆ.

ನಿನ್ನ
ವಾಣಿ


ಬೋಗಾದಿ
2 ಸೆಪ್ಟೆಂಬರ್ 2025

ವಾಣಿ ಮೇಡಂ,

ನೀವು ನೀನು ಎಂದದ್ದು ಸಂತೋಷ. ಆದರೆ ಆ ಸಾಲು ನಾನು ಬರೆಯುವುದಿಲ್ಲ. ಕಲ್ಲಿನ ಮೇಲೆ ನೀರು ಬೀಳುತ್ತಿದೆ ಎಂದು ಮೊದಲ ಕಾಗದದಲ್ಲೇ ಬರೆದಿದ್ದೆ. ಮೂರು ಸಲ ಓದಿದೆ ಎಂದಿರಿ.

ನಾನು ಶಾಲೆ ಬಿಟ್ಟಿದ್ದು ಯಾಕೆಂದು ಹೇಳುತ್ತೇನೆ. ಪ್ರಯೋಗದ ಪರೀಕ್ಷೆಯಲ್ಲಿ ಮೇಷ್ಟ್ರು ಅಳತೆಗಳನ್ನು ಬೋರ್ಡಿನ ಮೇಲೆ ಬರೆದುಕೊಟ್ಟು ನಕಲು ಮಾಡಿ ಎಂದರು. ಎಲ್ಲರೂ ಮಾಡಿದರು. ನಾನು "ಈ ಪ್ರಯೋಗವನ್ನು ನಮಗೆ ಮಾಡಿಸಿಲ್ಲ" ಎಂದು ಬರೆದು ಎದ್ದು ಬಂದೆ. ಕ್ಷಮೆ ಕೇಳಿದರೆ ಸೇರಿಸಿಕೊಳ್ಳುತ್ತೇವೆ ಅಂದರು. ಯಾವುದಕ್ಕೆ ಕ್ಷಮೆ? ಅಪ್ಪ ಬೆಲ್ಟು ತೆಗೆದ. ಆದರೂ ಹೋಗಲಿಲ್ಲ.

ಇನ್ನೊಂದು ವಿಷಯ. ಅಜ್ಜಿಯ ಬೆರಳ ಗೆಣ್ಣುಗಳ ಮೇಲೆ ಕಡಲೆಕಾಳಿನಷ್ಟು ಗುಂಡನೆಯ ಗುಳಿಗಳು ಬಿದ್ದಿವೆ. ಯಾರೋ ಕೊರೆದು ತೆಗೆದ ಹಾಗೆ. ರಕ್ತ ಇಲ್ಲ, ಕೀವು ಇಲ್ಲ. ನೋಯುವುದೂ ಇಲ್ಲವಂತೆ. ಆಸ್ಪತ್ರೆಗೆ ನಡಿ ಎಂದರೆ, "ನೋಯ್ದೇ ಇದ್ಮೇಲೆ ಅದು ಗಾಯ ಎಂಗಾಯ್ತದೆ? ಬುಡು" ಅನ್ನುತ್ತಾಳೆ. ಮೂಗಿನಿಂದ ಎರಡು ಸಲ ರಕ್ತ ಬಂದಿದೆ. ಲಹರಿಗೆ ವಾಂತಿ.

ನಿಮ್ಮ ಜೀವಿ ಜನರಿಗೆ ಅಂಟುತ್ತದಾ?

ಸಿಂಚನ


ಲಡಾಖ್
15 ಸೆಪ್ಟೆಂಬರ್ 2025

ಸಿಂಚನ,

ಆ ಜೀವಿ ಯಾರಿಗೂ ಅಂಟುವಂಥದ್ದಲ್ಲ. ಇಷ್ಟು ಖಚಿತವಾಗಿ ಹೇಳಬಲ್ಲೆ. ಅದು ಮನುಷ್ಯರನ್ನು ತಿನ್ನುವುದಿಲ್ಲ.

ಸಾಲಿನ ವಿಷಯ ಬಿಡು. ನೀರು ಬಿದ್ದಿದ್ದರೂ ಒಳಸಂದಿಗೆ ಹೋಗಿರಲಾರದು ಎಂದು ವಾದಿಸಬಹುದು.

ಹಳದಿ ಪುಡಿಯನ್ನು ಅಜ್ಜಿ ಮುಟ್ಟದಿರಲಿ. ಮಾದರಿ ಹಾಳಾಗಬಾರದು, ಅದಕ್ಕೆ. ತೀರ್ಥ ಕೊಡುವುದನ್ನೂ ಸ್ವಲ್ಪ ದಿನ ನಿಲ್ಲಿಸಿದರೆ ಒಳ್ಳೆಯದು.

ಸುಮ್ಮನೆ ಕುತೂಹಲಕ್ಕೆ ಕೇಳುತ್ತೇನೆ. ಲಾರಿಯಲ್ಲಿ ಬರುವ ನೀರಿನ ಬಣ್ಣ ಹೇಗಿದೆ? ಹಳೇ ಬೋರ್‌ಗೂ ನೀವು ನೀರೆತ್ತುವ ಬೋರ್‌ಗೂ ಎಷ್ಟು ದೂರ? ಬಿಳಿ ಬಕೆಟ್ಟಿನಲ್ಲಿ ನಿಮ್ಮ ನೀರು ಹಿಡಿದರೆ ಏನಾದರೂ ಛಾಯೆ ಕಾಣುತ್ತದಾ? ಬೇಗ ಬರೆ.

ವಾಣಿ


ಬೋಗಾದಿ
22 ಸೆಪ್ಟೆಂಬರ್ 2025

ವಾಣಿ ಮೇಡಂ,

ಕುತೂಹಲಕ್ಕೆ ಯಾರೂ ಬೇಗ ಬರೆ ಎನ್ನುವುದಿಲ್ಲ. ಆದರೂ ಉತ್ತರ ಕೊಡುತ್ತೇನೆ.

ಲಾರಿಯ ನೀರು ಕಿತ್ತಳೆ ಬಣ್ಣ. ಡ್ರೈವರನ್ನು ಕೇಳಿದೆ. "ತುಕ್ಕು ಕಣಮ್ಮ, ಕಬ್ಬಿಣಕ್ಕೆ ಹೊಳಪು ಹಾಕ್ತೀವಲ್ಲ, ಅದ್ರುದು" ಅಂದ. ಬೈಕಿನ ಹ್ಯಾಂಡಲ್ಲಿಗೆ ಬೆಳ್ಳಿಯ ಥರ ಬಳಿಯುತ್ತಾರಲ್ಲ, ಆ ಕೆಲಸವಂತೆ. ಕೈಗೆ ದಪ್ಪ ಗ್ಲೌಸ್ ಹಾಕಿದ್ದ. ತುಕ್ಕಿಗೆ ಗ್ಲೌಸ್ ಯಾಕೆ?

ಎರಡು ಬೋರ್‌ಗಳ ನಡುವೆ ಟ್ಯಾಂಕರ್ ತಿರುಗಿಸುವಷ್ಟು ಜಾಗ ಇದೆ, ಅಷ್ಟೇ.

ಬಿಳಿ ಬಕೆಟ್ಟಿನಲ್ಲಿ ಹಿಡಿದೆ. ನಿಂಬೆಹಣ್ಣು ಹಿಂಡಿ ಬಹಳ ನೀರು ಬೆರೆಸಿದ ಹಾಗೆ. ಇಷ್ಟು ದಿನ ನೀಲಿ ಬಕೆಟ್ಟಿನಲ್ಲೇ ಹಿಡಿಯುತ್ತಿದ್ದೆವು.

ಮೇಡಂ, ನನಗೆ ಓದು ಕಡಿಮೆ, ತಲೆ ಕಡಿಮೆಯಿಲ್ಲ. ನೇರವಾಗಿ ಹೇಳಿ.

ಸಿಂಚನ


ಲಡಾಖ್
28 ಸೆಪ್ಟೆಂಬರ್ 2025

ಸಿಂಚನ,

ನಾಳೆ ಜೀಪು ಹೋಗುತ್ತದೆ. ಅದಕ್ಕೆ ಅವಸರದಲ್ಲಿ ಬರೆಯುತ್ತಿದ್ದೇನೆ.

ಚೂರಿನಲ್ಲಿ ಸಿಕ್ಕ ಕ್ರೋಮಿಯಂ ಎರಡು ಬಗೆಯದು. ಒಂದು ಕಲ್ಲಿನದೇ. ಇನ್ನೊಂದು ಹಳದಿಯದು, ಆಕಾಶದ ಕಲ್ಲುಗಳಲ್ಲಿ ಇರುವುದಿಲ್ಲ, ಕಾರ್ಖಾನೆಗಳಲ್ಲಿ ಆಗುತ್ತದೆ. ನಿಮ್ಮ ನೀರಿನಲ್ಲಿ ಅದು ಇರಬಹುದೆಂಬ ಅನುಮಾನ ನನ್ನದು. ತೊಟ್ಟು ತೊಟ್ಟು ಬಿದ್ದು, ಆರಿ, ಕಲ್ಲಿನ ಮೇಲೆ ಕಟ್ಟಿಕೊಂಡಿರಬಹುದು. ಜೀವಿಯೂ ಆ ನೀರಿನ ಜೊತೆ ಬಂದದ್ದಿರಬಹುದು. ಇರಬಹುದು ಎಂದಷ್ಟೇ ಹೇಳುತ್ತಿದ್ದೇನೆ.

ಕಲ್ಲು ಸೋಕದ ನೀರನ್ನು ಬಾಟಲಿಯಲ್ಲಿ ಕಳಿಸು. ಪರೀಕ್ಷೆ ಮಾಡಿ ತಿಳಿಸುವವರೆಗೆ ಯಾರಿಗೂ ಹೇಳಬೇಡ. ಸುಮ್ಮನೆ ಗಾಬರಿಯಾಗುತ್ತದೆ. ಮನೆಯವರು ಸಾಧ್ಯವಾದರೆ ಬೇರೆ ನೀರು ಕುಡಿಯಿರಿ.

ವಾಣಿ


ಬೋಗಾದಿ
17 ಅಕ್ಟೋಬರ್ 2025

ವಾಣಿ ಅವರೇ,

ನಿಮ್ಮ ಕಾಗದ ನಿನ್ನೆ ಬಂತು. ದಸರಾ ರಜೆ, ಆಮೇಲೆ ಯಾವುದೋ ರಸ್ತೆ ಕುಸಿತ, ಅಂಚೆಯವರು ಏನೋ ಹೇಳಿದರು.

ವಿಷಯ ನನಗೆ ಮೊದಲೇ ತಿಳಿದಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ವಿಜಯನಗರದ ಒಂದು ಮನೆಗೆ ನೀರು ಹಾಕಲು ಹೋದಾಗ ಗೇಟು ತೆಗೆಯಲಿಲ್ಲ. ಅಪ್ಪ ಟ್ಯಾಂಕರಿನಲ್ಲೇ ಕೂತಿದ್ದ, ನಾನು ಇಳಿದು ಬೆಲ್ಲು ಒತ್ತಿದೆ. ಒಬ್ಬರು ಕಿಟಕಿಯಿಂದಲೇ, "ಬೇಡಮ್ಮ, ಇನ್ಮೇಲೆ ಬೇರೆ ಕಡೆಯಿಂದ ತರಿಸ್ಕೋತೀವಿ" ಅಂದರು. ಯಾಕೆ ಸಾರ್ ಅಂದೆ. "ನಮ್ಮಕ್ಕ ಲೇಹ್‌ನಿಂದ ಫೋನ್ ಮಾಡಿದ್ಲು, ಬೋಗಾದಿ ಕಡೆ ನೀರು ಮುಟ್ಟಲೇಬೇಡಿ ಅಂದ್ಲು. ಸೈಂಟಿಸ್ಟು ಅವಳು." ಗೇಟಿನ ಮೇಲೆ ಯೋಗೇಂದ್ರ ಅಂತ ಹೆಸರಿತ್ತು.

ನನ್ನ ನಂಬರು ಕವರಿನ ಹಿಂದಿತ್ತು. ಪಾರ್ಸಲ್ಲಿನ ಮೇಲೂ ಇತ್ತು. ತಮ್ಮನಿಗೆ ಫೋನು, ನಮಗೆ ಅಂಚೆ.

ನಿಮ್ಮ ಕಾಗದ ದಾರಿಯಲ್ಲಿದ್ದಾಗ ಆದದ್ದನ್ನು ಕೇಳಿ. ಅಜ್ಜಿಯ ಕಾಲು, ಮುಖ ಊದಿಕೊಂಡವು. ಮೂತ್ರ ನಿಂತಿತು. ಆಸ್ಪತ್ರೆಗೆ ಸೇರಿಸಿದೆವು, ಕಿಡ್ನಿ ಎಂದರು. ಏನು ಪುಡಿ ತಿನ್ನುತ್ತಿದ್ದರು ಎಂದು ಡಾಕ್ಟರು ಕೇಳಿದಾಗ ನಾನು ಎಲ್ಲ ಹೇಳಿದೆ. ಅಜ್ಜಿ ಹಾಸಿಗೆಯಿಂದಲೇ ನನ್ನನ್ನು ಗುರಾಯಿಸಿದಳು. "ಈ ನೀರ್ಗೆ ರುಚಿನೇ ಇಲ್ಲ ಕಣೇ. ನಮ್ ಬೋರ್ ನೀರು ತಕ್ಕೊಂಬಾ" ಅಂತ ದಿನಾ ಕೇಳುತ್ತಾಳೆ.

ಲಹರಿಯೂ ಅದೇ ಆಸ್ಪತ್ರೆಯಲ್ಲಿದ್ದಾಳೆ. ದಾಕ್ಷಾಯಣಮ್ಮ ಬೀದಿಯಲ್ಲಿ ನಿಂತು, "ಅದು ದೇವ್ರಲ್ಲ ಕಣ್ರಪ್ಪೋ, ಪೀಡೆ! ಆಕಾಸದಿಂದ ಉದುರಿದ್ದು ಯಾವ್ದು ಒಳ್ಳೇದಾಗಿದ್ದದೆ?" ಎಂದು ಕೂಗಿದರು. ಕಲ್ಲಲ್ಲ, ನೀರು ಎಂದು ನಾನೂ ಕೂಗಿದೆ. "ನಿಮ್ ಮನೆ ಕಲ್ನ ಬುಟ್ಟು ನೀರ್ ಮೇಲೆ ಯಾಕೆ ಆಕ್ತೀಯೆ? ನಿಮ್ಮಪ್ಪನ್ ನೀರ್ನೇ ನಾವೆಲ್ಲ ಕುಡಿಯದು" ಅಂದರು. ಅದನ್ನೇ ಹೇಳಿದ್ದು ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಬೀದಿಯವರೆಲ್ಲ ಸೇರಿ ಕಲ್ಲನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ, ಪಾತಾಳಕ್ಕೇ ಹೋಗಲಿ ಎಂದು ನಮ್ಮ ಹಳೇ ಬೋರಿನೊಳಗೆ ಬಿಟ್ಟರು. ನಾನು ಅಲ್ಲೇ ಬಗ್ಗಿ ಕಿವಿ ಕೊಟ್ಟಿದ್ದೆ. ಬಹಳ ಹೊತ್ತು ಪೈಪಿಗೆ ಬಡಿಯುತ್ತ ಹೋಯಿತು. ಕೊನೆಗೆ ನೀರಿಗೆ ಬಿದ್ದ ಸದ್ದು ಕೇಳಿತು. ಬತ್ತಿದ ಬೋರ್ ಅದು.

ಈಗ ಎಲ್ಲರಿಗೂ ನೆಮ್ಮದಿ. ಪೀಡೆ ಹೋಯಿತೆಂದು ಪಾನಕ ಹಂಚಿದರು. ಪಾನಕಕ್ಕೆ ನಮ್ಮ ಟ್ಯಾಂಕರಿನದೇ ನೀರು. ನಾನು ಪಾತ್ರೆ ಉರುಳಿಸಿದೆ. ಹುಚ್ಚು ಅಂದರು.

ಬಾಟಲಿ ಕಳಿಸಿದ್ದೇನೆ. ಇಲ್ಲಿ ನೀರು ಪರೀಕ್ಷೆ ಮಾಡುವ ಸರ್ಕಾರಿ ಕಚೇರಿಗೂ ಒಂದು ಕೊಟ್ಟೆ, ಫಲಿತಾಂಶಕ್ಕೆ ಕಾಯಬೇಕಂತೆ. ಅಪ್ಪ ಲಾರಿಯನ್ನು ಮಾತ್ರ ನಿಲ್ಲಿಸಿದ್ದಾನೆ. ಟ್ಯಾಂಕರ್ ಬಿಡುವುದನ್ನು ನಿಲ್ಲಿಸು ಎಂದರೆ, "ಓದಿರೋ ಮೇಡಂ ಅಲ್ವಾ? ನೀರು ಕೆಟ್ಟದೆ ಅಂತ ಒಂದ್ ಸಾಲು ಬರ್ದುಕೊಡ್ಲಿ, ಅವತ್ತೇ ಕೀ ಬಿಸಾಕ್ತೀನಿ. ನಿನ್ ಮಾತ್ನ ನಂಬ್ಕೊಂಡು ಇಷ್ಟು ಮನೆಗೆ ನೀರಿಲ್ಲ ಅನ್ಲಾ?" ಅನ್ನುತ್ತಾನೆ.

ನೀವು ತಮ್ಮನಿಗೆ ಫೋನ್ ಮಾಡಿದ್ದನ್ನು ನಾನು ಅಪ್ಪನಿಗೆ ಹೇಳಿಲ್ಲ. ನೀವೇ ಬರೆಯಿರಿ ಎಂದು ಕಾಯುತ್ತೇನೆ. ಒಂದು ಸಾಲು ಸಾಕು. ನೀವು ನನ್ನಿಂದ ಕೇಳಿದ್ದೂ ಒಂದೇ ಸಾಲು.

ಸಿಂಚನ


ಲಡಾಖ್
1 ನವೆಂಬರ್ 2025

ಸಿಂಚನ,

ಹಿಮ ಶುರುವಾಗಿದೆ. ಡೇರೆ ಕಟ್ಟಿಡುತ್ತಿದ್ದೇವೆ. ಇದು ಇಲ್ಲಿಂದ ಕೊನೆಯ ಕಾಗದ.

ಬಾಟಲಿ ತಲುಪಿತು. ಅಂಥ ಪರೀಕ್ಷೆಯನ್ನು ನಾನು ಮಾಡಿದರೆ ಅದಕ್ಕೆ ಮಾನ್ಯತೆ ಇರುವುದಿಲ್ಲ. ಸಂಬಂಧಪಟ್ಟ ಕಚೇರಿಯವರೇ ಮಾಡಬೇಕು. ನೀನು ಅವರಿಗೆ ಕೊಟ್ಟಿರುವುದು ಸರಿಯಾದ ಕ್ರಮ.

ಲೇಖನ ಆಗಸ್ಟಿನಲ್ಲೇ ಹೋಗಿಯಾಗಿದೆ. ಕಲ್ಲು ಒಣಗಿದ ಸ್ಥಿತಿಯಲ್ಲಿತ್ತು ಎಂದು ಅದರಲ್ಲಿದೆ. ಈಗ ನೀರಿನ ಬಗ್ಗೆ ನನ್ನ ಹೆಸರಿನಲ್ಲಿ ಒಂದು ಸಾಲು ಬಂದರೆ ಅದರ ಅರ್ಥ ಏನಾಗುತ್ತದೆಂದು ನಿನಗೆ ಗೊತ್ತು. ಇದು ನನ್ನೊಬ್ಬಳ ವಿಷಯವಲ್ಲ, ಜೊತೆಗೆ ಕೆಲಸ ಮಾಡಿದ ಹುಡುಗರಿದ್ದಾರೆ. ಸ್ವಲ್ಪ ಸಮಯ ಕೊಡು.

ಆ ಬಾಟಲಿಯ ಒಂದು ಹನಿಯನ್ನು ಬೆಳೆಸಿ ನೋಡಿದೆ. ಏನು ಬಂತೆಂದು ಇಲ್ಲಿ ಬರೆಯಲಾರೆ.

ಅಜ್ಜಿ ಹೇಗಿದ್ದಾರೆ?

ವಾಣಿ


ಬೋಗಾದಿ
16 ನವೆಂಬರ್ 2025

ವಾಣಿ ಅವರೇ,

ಇದು ನಿಮಗೆ ಯಾವಾಗ, ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ನಿಮ್ಮ ಸಂಸ್ಥೆಯ ವಿಳಾಸಕ್ಕೆ ಹಾಕುತ್ತಿದ್ದೇನೆ.

ಅಜ್ಜಿ ಹೋದಳು. ಮೂರನೇ ತಾರೀಕು. ಲಹರಿಯನ್ನು ಮನೆಗೆ ಕರೆತಂದಿದ್ದಾರೆ. ಎತ್ತಿಕೊಂಡರೆ ಅಳುವುದೂ ಇಲ್ಲ.

ನಿಮ್ಮ ಕಾಗದ ನಿನ್ನೆ ಬೆಳಿಗ್ಗೆ ಬಂತು. ಅಪ್ಪ ಟ್ಯಾಂಕರಿಗೆ ಪೈಪು ಜೋಡಿಸುತ್ತಿದ್ದ. ಅವನಿಗೆ ಓದಲು ಬರುವುದಿಲ್ಲ. ನನ್ನ ಕೈಯಲ್ಲಿ ಕವರು ನೋಡಿ ಮೋಟರ್ ನಿಲ್ಲಿಸಿ ಕೇಳಿದ. "ಬರ್ದವ್ಳಾ? ನೀರು ಕೆಟ್ಟದೆ ಅಂತ ಬರ್ದವ್ಳಾ?"

ಹೂಂ ಎಂದಿದ್ದರೆ ಸಾಕಿತ್ತು. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. ಅದು ಸುಳ್ಳೂ ಆಗುತ್ತಿರಲಿಲ್ಲ, ನೀವು ಬರೆಯದೆ ಬಿಟ್ಟಿದ್ದೆಲ್ಲ ಅದೇ. ಆದರೆ ಬರೆದಿಲ್ಲದ್ದನ್ನು ಬರೆದಿದೆ ಎಂದು ಹೇಳಲು ನನ್ನಿಂದ ಆಗಲಿಲ್ಲ.

"ಬರ್ದಿಲ್ಲ ಅಪ್ಪ. ಇನ್ನೂ ಟೈಮು ಬೇಕಂತೆ" ಎಂದೆ. ಅವನು ಮತ್ತೆ ಪೈಪಿಗೆ ಕೈ ಹಾಕಿದ. ಆಗ ಹೇಳಿದೆ. "ಆದ್ರೆ ತಮ್ಮಂಗೆ ಫೋನ್ ಮಾಡಿ ಈ ನೀರು ಮುಟ್ಬೇಡಿ ಅಂದವ್ಳೆ. ವಿಜಯನಗರದಲ್ಲಿ ಗೇಟು ತೆಗೀದೇ ಇದ್ರಲ್ಲ, ಅವ್ರೇ ಅವಳ ತಮ್ಮ."

ಅಪ್ಪ ಪೈಪು ಕೆಳಗಿಟ್ಟ. ಆಮೇಲೆ ಹೇಳಿದ್ದು ಇಷ್ಟು: "ಊರಿಗೆ ಬರ್ದುಕೊಡದು ಸುಳ್ಳಾದ್ರೂ ಆಗ್ಬೋದು ಕಣಮ್ಮಿ. ಒಡಹುಟ್ಟಿದವ್ನಿಗೆ ಯೋಳಿದ್ದು ಸುಳ್ಳಾಗಕ್ಕಿಲ್ಲ."

ಟ್ಯಾಂಕರಿನ ಕೆಳಗಿನ ವಾಲ್ವು ತಿರುಗಿಸಿದ. ನೀರೆಲ್ಲ ಅಂಗಳದಲ್ಲಿ ಹರಿದು ಹೋಯಿತು. ಹರಿದ ಕಡೆ ನೆಲ ಒಣಗಿದ ಮೇಲೆ ನೋಡಿದೆ, ಅಂಚಿನಲ್ಲಿ ತೆಳ್ಳಗೆ ಹಳದಿ. ಕೀಯನ್ನು ನನ್ನ ಕೈಗಿಟ್ಟು, ಆ ಹಳೇ ಬೋರಿನ ಪಕ್ಕ ಕುಕ್ಕರಗಾಲಲ್ಲಿ ಕೂತ. "ನಾನೇ ಕುಡಿಸ್ದೆ ಅವ್ವಂಗೆ" ಅಂದ. ಯಾರಿಗೆ ಅಂದನೋ.

ಹೋದ ತಿಂಗಳೇ ನಾನು ಇದನ್ನು ಹೇಳಬಹುದಿತ್ತು. ನಿಮ್ಮ ಮರ್ಯಾದೆ ಉಳಿಯಲಿ ಎಂದು ಕಾದೆ. ಅಷ್ಟೂ ದಿನ ಟ್ಯಾಂಕರ್ ಓಡಿದೆ. ಅದರಲ್ಲಿ ನನ್ನ ಪಾಲಿದೆ, ನಿಮ್ಮದೂ ಇದೆ.

ಇವತ್ತು ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಬಿಂದಿಗೆ ಹಿಡಿದು ಹೆಂಗಸರು ನಿಂತಿದ್ದರು. ನೀರಿಲ್ಲ, ಕುಡಿಯಬೇಡಿ ಎಂದೆ. ಬೈದುಕೊಂಡು ಹೋದರು. ಈಗ ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಲ್ಲು ಬಿದ್ದ ತೂತಿನಿಂದ ಬಿಸಿಲು ಖಾಲಿ ಟ್ಯಾಂಕರಿನ ಮೇಲೆ ಬಿದ್ದಿದೆ. ಕಾಂಪೌಂಡಿನ ಆಚೆ ರೇವಣಸಿದ್ದಣ್ಣನ ಬೋರ್ ಇದೆ. ನಮ್ಮದಕ್ಕಿಂತ ಆಳ. ಬೇಸಿಗೆಯಿಂದ ಬತ್ತಿತ್ತು. ಈಗ ಅದಕ್ಕೂ ನೀರು ಬಂದಿದೆಯಂತೆ, ದೇವರು ಕಣ್ಣು ಬಿಟ್ಟ ಎಂದು ಅವನ ಹೆಂಡತಿ ಮೋಟರಿಗೆ ಅರಿಶಿನ ಕುಂಕುಮ ಇಟ್ಟಿದ್ದಾಳೆ.

ಮೋಟರ್ ಶುರುವಾಯಿತು. ಬಿಂದಿಗೆಗಳು ಅತ್ತ ಹೋಗುತ್ತಿವೆ. ಕಾಗದ ಇಲ್ಲಿಗೇ ಬಿಟ್ಟು, ಬಿಳಿ ಬಕೆಟ್ಟು ತೆಗೆದುಕೊಂಡು ಏಳುತ್ತೇನೆ.

ಸಿಂಚನ